ಅಲೆಗೆ ಲಗಾಮು, ಜೇಬಿಗೆ ಕತ್ತರಿ

ನಿದ್ದೆ ಬರ್ತಿಲ್ಲ ಅಂತ ನಾನೂ ತಲೆಗೆ ಎಲೆಕ್ಟ್ರೋಡ್ ಅಂಟಿಸಿಕೊಂಡು ಕೂತವನೇ. ಪರದೆ ಮೇಲೊಂದು ವಿಮಾನ. ಮೆದುಳಿನ ಅಲೆ ಬೇಕಾದ ಹಾಗಿದ್ದರೆ ಏರುತ್ತೆ, ಇಲ್ಲದಿದ್ದರೆ ಇಳಿಯುತ್ತೆ. ಇದೇ ನ್ಯೂರೋಫೀಡ್‌ಬ್ಯಾಕ್. ಕೆಲವು ವಾರಗಳಲ್ಲಿ ನಿದ್ದೆಯೂ ಬಂತು.

ಐಡಿಯಾ ಪೂರ್ತಿ ಬುರುಡೆಯೇನಲ್ಲ. 1960ರ ದಶಕದಲ್ಲಿ ಬ್ಯಾರಿ ಸ್ಟರ್ಮನ್ ಹಾಲಿನ ಆಸೆ ತೋರಿಸಿ, ಒಂದು ಬಗೆಯ ಮೆದುಳಿನ ಅಲೆ ಹೆಚ್ಚಿಸಿಕೊಳ್ಳೋದನ್ನ ಬೆಕ್ಕುಗಳಿಗೆ ಕಲಿಸಿದ್ದರು. ಆದರೆ ಬೆಕ್ಕಿಗೆ ನಂಬಿಕೆಯ ಕಾಟವಿಲ್ಲ, ನಮಗಿದೆ. 2017ರಲ್ಲಿ ಆಸ್ಟ್ರಿಯಾದ ಸಂಶೋಧಕರು ನಿದ್ರಾಹೀನರಿಗೆ ಅಸಲಿ ತರಬೇತಿಯನ್ನೂ ನಕಲಿಯನ್ನೂ ಗುಟ್ಟಾಗಿ ಕೊಟ್ಟು ನೋಡಿದರು. ಎರಡರಿಂದಲೂ ವಾಸಿ ಅಂದರು ಜನ. ಅಸಲಿ ನಕಲಿಯನ್ನ ಮೀರಲೇ ಇಲ್ಲ. ಅಮೆರಿಕದಲ್ಲಿ ಎಡಿಎಚ್‌ಡಿ ಇದ್ದ 7ರಿಂದ 10 ವರ್ಷದ 144 ಮಕ್ಕಳ ಮೇಲೆ ನಡೆದ ಪರೀಕ್ಷೆಯದ್ದೂ ಇದೇ ಕಥೆ.

ಹಾಗಾದ್ರೆ ನನ್ನ ನಿದ್ದೆ ಸುಳ್ಳಾ? ಖಂಡಿತ ಅಲ್ಲ. ಅಷ್ಟು ಹೊತ್ತು ಫೋನ್ ಇಲ್ಲದೆ ಕೂತಿದ್ದೆ, ಒಬ್ಬರು ಪ್ರತಿಸಲ ‘ಹೇಗಿದ್ದೀರಿ’ ಅಂತ ಕೇಳ್ತಿದ್ದರು. ಬಹುಶಃ ಅಷ್ಟೇ ಸಾಕಾಗಿತ್ತು. ಬಿಲ್ ಮಾತ್ರ ಮೆದುಳಿನ ಹೆಸರಲ್ಲಿ ಬಂತು.

ನನ್ನ ದುಡ್ಡು ಹೋದರೆ ಹೋಯ್ತು. ಮಗು ಒಂದು ಕಡೆ ಕೂರಲ್ಲ ಅಂತ ಕಂಗಾಲಾದ ಅಪ್ಪ-ಅಮ್ಮ ಸಾಲ ಮಾಡಿ ಸೆಷನ್ ಬುಕ್ ಮಾಡೋ ಮುಂಚೆ ಒಂದೇ ಪ್ರಶ್ನೆ ಕೇಳಲಿ: ‘ನಿಮ್ಮದು ನಕಲಿಗಿಂತ ಎಷ್ಟು ಮೇಲು?’