ಎಲ್ಲಿ ಅಗ್ಗ? ಯಾರಿಗೆ ಅಗ್ಗ?

ಭಾನುವಾರದ ಪುರವಣಿಗಳಲ್ಲಿ ಆಗಾಗ ಒಂದು ಬಗೆಯ ಲೇಖನ ಬರುತ್ತದೆ. ಪಟ್ಟಣದಲ್ಲಿ ಬದುಕುವುದೋ, ಹಳ್ಳಿಗೆ ಮರಳುವುದೋ ಎಂಬ ಚರ್ಚೆ. ಎಡಗಡೆ ಖರ್ಚಿನ ಪಟ್ಟಿ: ಬಾಡಿಗೆ, ಹಾಲು, ತರಕಾರಿ, ಮಕ್ಕಳ ಫೀಜು, ಪೆಟ್ರೋಲು. ಬಲಗಡೆ ಸುಖದ ಪಟ್ಟಿ: ಒಳ್ಳೆ ಗಾಳಿ, ನೆಮ್ಮದಿ, ಸಿನಿಮಾ, ಆಸ್ಪತ್ರೆ. ಎರಡನ್ನೂ ತಕ್ಕಡಿಗೆ ಹಾಕಿ ತೂಗಿ, ನಿಮಗೊಪ್ಪುವ ಊರನ್ನು ಆರಿಸಿಕೊಳ್ಳಿ ಎಂದು ಲೇಖಕ ಮುಗಿಸುತ್ತಾನೆ.

ಕಥೆ ಕವಿತೆಗಳನ್ನು ವಿಮರ್ಶಿಸುವ ನಾವು ಈ ಬರಹವನ್ನೂ ಒಂದು ಕೃತಿ ಎಂದೇ ತಿಳಿದು ವಿಮರ್ಶಿಸಬೇಕು. ಯಾಕೆಂದರೆ ಇದರಲ್ಲೂ ಒಬ್ಬ ನಾಯಕನಿದ್ದಾನೆ. ಅವನಿಗೆ ಜಾತಿ ಇಲ್ಲ. ಯಾವ ಊರಿಗೆ ಹೋದರೂ ಅವನಿಗೆ ಬಾಗಿಲು ತೆರೆಯುತ್ತದೆ. ಜೇಬಿನಲ್ಲಿ ಎಷ್ಟಿದೆ ಎಂಬುದೊಂದೇ ಅವನ ತೊಡಕು. ಈ ದೇಶದಲ್ಲಿ ಜಾತಿಯೇ ಇಲ್ಲದ ಮನುಷ್ಯ ಎಲ್ಲಿದ್ದಾನೆ ಎಂದು ಹುಡುಕಿದರೆ, ಜಾತಿಯಿಂದ ಲಾಭ ಉಣ್ಣುತ್ತಿರುವವನೇ ಸಿಗುತ್ತಾನೆ.

ಈ ನಾಯಕ ಹೊಸಬನಲ್ಲ. ನಮ್ಮ ನವೋದಯದ ಬಹುಪಾಲು ಕಾವ್ಯದಲ್ಲಿ ಇವನಿದ್ದ. ಓದಿಗೆ, ನೌಕರಿಗೆ ಅಂತ ಪಟ್ಟಣ ಸೇರಿ, ಅಲ್ಲಿ ಕೂತು ಬಿಟ್ಟುಬಂದ ಹಳ್ಳಿಯನ್ನು ನೆನೆದು ಹಾಡಿದ. ಹೊಳೆ ಇತ್ತು, ತೋಪಿತ್ತು, ಜಾತ್ರೆ ಇತ್ತು. ಕೇರಿ ಇರಲಿಲ್ಲ. 1933ರ 'ಚೋಮನ ದುಡಿ'ಯಂಥ ಕೃತಿಯಲ್ಲಿ ಕಾರಂತರು ತುಂಡು ನೆಲಕ್ಕಾಗಿ ಹಂಬಲಿಸಿದ ಚೋಮನನ್ನು ತಂದರು ನಿಜ. ಆದರೆ ಹಳ್ಳಿ ಎಂದರೆ ನೆಮ್ಮದಿ ಎಂಬ ಕಾವ್ಯದ ನಂಬಿಕೆ ಅದರಿಂದೇನೂ ಅಲುಗಾಡಲಿಲ್ಲ.

ರಾಜಕೀಯದಲ್ಲೂ ಇದೇ ಕಥೆ. 1945ರ ಅಕ್ಟೋಬರಿನಲ್ಲಿ ಗಾಂಧೀಜಿ ನೆಹರೂ ಅವರಿಗೆ ಪತ್ರ ಬರೆದು, ಜನ ಬದುಕಬೇಕಾದ್ದು ಹಳ್ಳಿಯಲ್ಲಿ ಎಂದರು. ಹಳ್ಳಿ ಹಿಂದುಳಿದಿದೆ, ಅಲ್ಲಿ ಯಾವ ಪ್ರಗತಿ ಸಾಧ್ಯ ಎಂದು ನೆಹರೂ ಉತ್ತರಿಸಿದರು. ಇಬ್ಬರೂ ದೊಡ್ಡವರೇ. ಆದರೆ ಈ ವಾದದಲ್ಲಿ ಇಬ್ಬರೂ ನಿಂತದ್ದು ಊರೊಳಗೆ. ಊರಾಚೆ ನಿಂತು ಮಾತಾಡಿದವರು ಬಾಬಾಸಾಹೇಬರು. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಅವರು ಹಳ್ಳಿಯನ್ನು ಸಂಕುಚಿತತನದ, ಅಜ್ಞಾನದ, ಕೋಮುಭಾವನೆಯ ಕೂಪವೆಂದು ಕರೆದಾಗ ಅನೇಕ ಸದಸ್ಯರಿಗೆ ಸಿಟ್ಟು ಬಂತು. ಬಂದದ್ದು ಸಹಜ, ಅವರ ಮನೆಗಳು ಅಗ್ರಹಾರದಲ್ಲಿ, ಗೌಡರ ಬೀದಿಯಲ್ಲಿ ಇದ್ದವು.

ಅಂಬೇಡ್ಕರ್ ಪಟ್ಟಣವನ್ನೇನೂ ಕುರುಡಾಗಿ ನಂಬಿದವರಲ್ಲ. 1917ರಲ್ಲಿ ಬರೋಡಾ ಸಂಸ್ಥಾನದ ನೌಕರಿಗೆಂದು ಹೋದಾಗ ಅವರ ಹಿಂದೆ ಕೊಲಂಬಿಯಾ ವಿಶ್ವವಿದ್ಯಾಲಯದ ಓದಿತ್ತು, ಲಂಡನ್ನಿನ ಓದಿತ್ತು. ತಲೆ ಮೇಲೆ ಸೂರಿರಲಿಲ್ಲ. ಒಂದು ಪಾರ್ಸಿ ಛತ್ರದಲ್ಲಿ ಪಾರ್ಸಿ ಹೆಸರು ಬರೆಸಿ ಉಳಿದರು. ಹನ್ನೊಂದನೇ ದಿನ ಕೋಲು ಹಿಡಿದ ಗುಂಪು ಬಂದು ಹೊರಹಾಕಿತು. ಗೆಳೆಯರಿಬ್ಬರನ್ನು ಕೇಳಿದರು, ಒಬ್ಬ ಹಿಂದೂ, ಒಬ್ಬ ಕ್ರೈಸ್ತ. ಇಬ್ಬರ ಮನೆಯಲ್ಲೂ ಜಾಗ ಸಿಗಲಿಲ್ಲ. ಸಾರ್ವಜನಿಕ ತೋಟವೊಂದರಲ್ಲಿ ಹೊತ್ತು ಕಳೆದು, ರಾತ್ರಿ ರೈಲು ಹತ್ತಿ ಮುಂಬಯಿಗೆ ಹೊರಟರು. 'ವೇಟಿಂಗ್ ಫಾರ್ ಎ ವೀಸಾ' ಎಂಬ ಆತ್ಮಕಥನದಲ್ಲಿ ಇದನ್ನವರು ಬರೆದಿದ್ದಾರೆ. ಪುರವಣಿಯ ಲೆಕ್ಕದಲ್ಲಿ ಆ ಛತ್ರ ಅಗ್ಗ. ಅಲ್ಲಿ ಕೊಟ್ಟ ಬೆಲೆಯಲ್ಲಿ ತಮ್ಮ ಹೆಸರೂ ಸೇರಿತ್ತು ಎಂಬುದಕ್ಕೆ ಆ ಪಟ್ಟಿಯಲ್ಲಿ ಕಾಲಂ ಇಲ್ಲ.

ಈಗ ನಮ್ಮ ಹಳ್ಳಿ ಮೇಷ್ಟ್ರ ಲೆಕ್ಕಕ್ಕೆ ಬರೋಣ. ರಾಜ್ಯ ಸರ್ಕಾರಿ ನೌಕರರಿಗೆ 2024ರ ಆಗಸ್ಟಿನಿಂದ ಮನೆ ಬಾಡಿಗೆ ಭತ್ಯೆ ಮೂಲವೇತನದ ನೂರಕ್ಕೆ 20, 15, 7.5ರಂತೆ ಮೂರು ದರ್ಜೆಯಲ್ಲಿದೆ. ಬೆಂಗಳೂರಿನವರಿಗೆ 20, ಹಳ್ಳಿಯಲ್ಲಿ ದುಡಿಯುವವರಿಗೆ 7.5. ಮೂಲವೇತನ 40,000 ಎಂದಿಟ್ಟುಕೊಂಡರೆ ಅಲ್ಲಿ 8,000, ಇಲ್ಲಿ 3,000. ಹಳ್ಳಿಯಲ್ಲಿ ಬಾಡಿಗೆ ಕಡಿಮೆ ಎಂಬುದು ಇದರ ತರ್ಕ. ತರ್ಕ ಸರಿ, ಮನೆ ಕೊಡುವವರಿದ್ದರೆ. ಕೇರಿಯಿಂದ ಓದಿ ಬಂದ ಮೇಷ್ಟ್ರಿಗೆ ಊರೊಳಗೆ ಯಾರು ಮನೆ ಕೊಡುತ್ತಾರೆ? "ಖಾಲಿ ಇಲ್ಲ ಸಾ, ನಮ್ಮ ಅಳಿಯಂದಿರು ಬರ್ತಾರೆ" ಎನ್ನುತ್ತಾರೆ. ಆ ಅಳಿಯ ವರ್ಷಗಟ್ಟಲೆ ಬರುವುದಿಲ್ಲ, ಬಾಗಿಲ ಬೀಗ ತುಕ್ಕು ಹಿಡಿಯುತ್ತದೆ. ಮೇಷ್ಟ್ರು ತಾಲ್ಲೂಕು ಕೇಂದ್ರದಲ್ಲಿ ಮನೆ ಹಿಡಿಯುತ್ತಾನೆ. ಪಟ್ಟಣದ ಬಾಡಿಗೆ, ಹಳ್ಳಿಯ ಭತ್ಯೆ, ಮೇಲೆ ದಿನಾ ಬಸ್ ಚಾರ್ಜು. ಬಸ್ಸು ತಡವಾದ ದಿನ ಅದೇ ಊರಿನವರು ಶಾಲೆ ಬಾಗಿಲಲ್ಲಿ ನಿಂತು, "ಈ ಮೇಷ್ಟ್ರು ಊರಲ್ಲಿ ನಿಲ್ಲಾಕಿಲ್ಲ, ಸಂಬ್ಳ ಮಾತ್ರ ಬೇಕು" ಎನ್ನುತ್ತಾರೆ. ಜಾತಿ ವಿಧಿಸಿದ ಈ ತೆರಿಗೆಗೆ ರಸೀದಿ ಇಲ್ಲ.

ಸರ್ಕಾರದ ಅಂಕಿಅಂಶವೂ ಇದನ್ನು ಹಿಡಿಯಲಾರದು. 2012ನ್ನು ಆಧಾರ ವರ್ಷವಾಗಿಟ್ಟುಕೊಂಡ ಗ್ರಾಹಕ ಬೆಲೆ ಸೂಚ್ಯಂಕದಲ್ಲಿ ಹಳ್ಳಿಯ ವಸತಿ ಖರ್ಚಿಗೆ ಜಾಗವೇ ಇರಲಿಲ್ಲ. ಅದನ್ನು ಲೆಕ್ಕ ಹಾಕಿದ್ದು ಪಟ್ಟಣಗಳಿಗೆ ಮಾತ್ರ. ಕೇಂದ್ರ ಸರ್ಕಾರದ 2020ರ 'ಸುಲಭ ಜೀವನ' ಸೂಚ್ಯಂಕ ಹತ್ತು ಲಕ್ಷ ಮೀರಿದ ನಗರಗಳಲ್ಲಿ ಬೆಂಗಳೂರಿಗೆ ಮೊದಲ ಸ್ಥಾನ ಕೊಟ್ಟಿತು. ಅಂಕ ನೂರಕ್ಕೆ 66.70. ನಗರದ ಕಸ ಬಳಿಯುವ ಪೌರಕಾರ್ಮಿಕ ಹೆಂಗಸಿನ ಜೀವನ ಆ ವರ್ಷ ಯಾವ ಬಗೆಯಲ್ಲಿ ಸುಲಭವಾಯಿತು ಎಂದು ಕೇಳಿದರೆ ಉತ್ತರ ಹೇಳುವವರಿಲ್ಲ.

ಬೆಂಗಳೂರಿನಲ್ಲಿ 10 ತಿಂಗಳ ಬಾಡಿಗೆಯನ್ನು ಅಡ್ವಾನ್ಸು ಕೇಳುವ ರೂಢಿ ಉಂಟು. 8,000ದ ಮನೆಗೆ 80,000. ಮೊದಲ ಸಲ ಸಂಬಳ ಕಂಡ ಮನೆತನದವನು ಇದನ್ನು ಸಾಲ ಮಾಡಿಯೇ ಕಟ್ಟಬೇಕು. ಕಟ್ಟಲು ಸಿದ್ಧನಾದರೂ ಪ್ರಶ್ನೆಗಳು ಮುಗಿಯುವುದಿಲ್ಲ. "ನಿಮ್ದು ಯಾವೂರು? ಮನೆದೇವ್ರು ಯಾವ್ದು? ನಾನ್‌ವೆಜ್ ಮಾಡ್ತೀರಾ?" ಮೂರೂ ಒಂದೇ ಪ್ರಶ್ನೆ. ಅಸ್ಪೃಶ್ಯತೆ ಈಗ ಸ್ವಚ್ಛತೆಯ ಭಾಷೆ ಕಲಿತಿದೆ. ದೆಹಲಿ ಸುತ್ತಿನ ನಗರಗಳಲ್ಲಿ ಸುಖದೇವ್ ಥೋರಟ್ ಮತ್ತು ಸಂಗಡಿಗರು ನಡೆಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ತೋರಿಸಿತು: ಮೇಲ್ಜಾತಿ ಹೆಸರಿನಲ್ಲಿ ಫೋನ್ ಮಾಡಿದವರಿಗೆ ಬಾಗಿಲು ತೆರೆಯಿತು, ದಲಿತ, ಮುಸ್ಲಿಂ ಹೆಸರು ಹೇಳಿದ ಎಷ್ಟೋ ಮಂದಿಗೆ ಮುಚ್ಚಿತು. ಒಂದೇ ಕೋಮಿನವರಿಗೆ ಮಾತ್ರ ಮನೆ ಎಂದು ಗೃಹ ನಿರ್ಮಾಣ ಸಹಕಾರ ಸಂಘ ನಿಯಮ ಮಾಡಬಹುದು ಎಂದು 2005ರಲ್ಲಿ ಸುಪ್ರೀಂ ಕೋರ್ಟೇ ಒಪ್ಪಿತು. ಬರೋಡಾದ ಛತ್ರದಿಂದ ನಾವೆಷ್ಟು ದೂರ ಬಂದಿದ್ದೇವೆ ಎಂಬುದನ್ನು ಓದುಗರೇ ಅಳೆಯಲಿ.

ಹಾಗಾದರೆ ಹಳ್ಳಿಯೂ ಇಲ್ಲ, ಪಟ್ಟಣವೂ ಇಲ್ಲವೇ? ಹಾಗಲ್ಲ. ಎರಡೂ ಒಂದೇ ಎನ್ನುವವನು ಕೇರಿಯಲ್ಲಿ ಬದುಕಿದವನಲ್ಲ. ಅಕ್ಷರ ಕಾಣದ ನಮ್ಮಪ್ಪ ಇದನ್ನು ನನಗಿಂತ ಚೆನ್ನಾಗಿ ಹೇಳುತ್ತಾನೆ: "ಪ್ಯಾಟೇಲಿ ನೀರಿಗೂ ಕಾಸು ಕೊಡ್ಬೇಕು ಕಣ್ಲಾ ಮಗ. ಆದ್ರೆ ಟೀ ಕುಡ್ದ ಲೋಟ ನಾನೇ ತೊಳ್ದು ಇಡಂಗಿಲ್ಲ." ಬದುಕಿನ ವೆಚ್ಚ ಯಾವುದು, ಬದುಕಿನ ರೀತಿ ಯಾವುದು ಎಂಬುದನ್ನು ಈ ಎರಡು ಮಾತು ಬೇರ್ಪಡಿಸಿ ಇಟ್ಟುಬಿಡುತ್ತವೆ. 2000ದ ಮಾರ್ಚ್ 11ರಂದು ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಮನೆಯೊಳಗೆ ಸುಟ್ಟರು. 2006ರಲ್ಲಿ ಆರೋಪಿಗಳು ಖುಲಾಸೆಯಾದರು. ಅಂಥ ಕಡೆ ಬಾಡಿಗೆ ಎಷ್ಟು ಕಡಿಮೆ ಎಂದು ಯಾರಾದರೂ ಕೇಳುತ್ತಾರೆಯೇ?

ದೇವನೂರರ 'ಒಡಲಾಳ'ದ ಸಾಕವ್ವನಿಗೆ ಎಲ್ಲಿ ಬದುಕಲಿ ಎಂಬ ಆಯ್ಕೆ ಇಲ್ಲ. ಕಳೆದ ಹುಂಜವೊಂದೇ ಅವಳ ದೊಡ್ಡ ನಷ್ಟ. ಕದ್ದು ತಂದ ಕಡಲೆಕಾಯಿಯೇ ಆ ರಾತ್ರಿಯ ಹಬ್ಬ. ಸಿದ್ಧಲಿಂಗಯ್ಯನವರ ಆತ್ಮಕಥೆಯ ಹೆಸರೇ 'ಊರುಕೇರಿ'. ಆ ಒಂದು ಪದದಲ್ಲಿ ನಮ್ಮ ವಸತಿಯ ಚರಿತ್ರೆ ಇದೆ. ಇವುಗಳ ನಂತರವೂ ನಮ್ಮ ಕೆಲ ಗೆಳೆಯರು ನಗರದ ಮನೆಯಲ್ಲಿ ಕೂತು ಕೇರಿಯನ್ನು ತಾಯ ಮಡಿಲೆಂದು ಹಾಡುತ್ತಿದ್ದಾರೆ. ಕೇರಿ ಬಿಟ್ಟವರನ್ನು ದ್ರೋಹಿಗಳೆನ್ನುತ್ತಾರೆ. ನವೋದಯದ ಹಳ್ಳಿ ಹಂಬಲವನ್ನು ತೆಗೆದು ಅದೇ ಜಾಗದಲ್ಲಿ ಕೇರಿ ಹಂಬಲವನ್ನು ಕೂರಿಸಿದರೆ ಅದು ಬಂಡಾಯವಲ್ಲ. ಕೇರಿಯ ಜನ ನಮ್ಮವರು. ಕೇರಿ ಎಂಬ ಗಡಿ ನಮ್ಮದಲ್ಲ, ನಮ್ಮ ಮೇಲೆ ಹೇರಿದ್ದು.

ಬಿಟ್ಟು ಹೋಗುವುದು ದ್ರೋಹವಲ್ಲ. ಆದರೆ ಒಬ್ಬೊಬ್ಬನೇ ಬಿಟ್ಟು ಹೋಗುವುದು ಪರಿಹಾರವೂ ಅಲ್ಲ. 1947ರ 'ಸ್ಟೇಟ್ಸ್ ಅಂಡ್ ಮೈನಾರಿಟೀಸ್'ನಲ್ಲಿ ಬಾಬಾಸಾಹೇಬರು ಕೇಳಿದ್ದು ಪರಿಶಿಷ್ಟರಿಗೆ ಪ್ರತ್ಯೇಕ ಹಳ್ಳಿಗಳನ್ನು. ಅದಕ್ಕೆ ಸರ್ಕಾರಿ ಪಾಳುಭೂಮಿಯನ್ನು. ಅದನ್ನು ನಡೆಸಲು ಒಂದು ವಸತಿ ಆಯೋಗವನ್ನು. ವ್ಯಕ್ತಿಯ ಜೇಬಿಗೆ ಬಿಟ್ಟಿದ್ದ ಪ್ರಶ್ನೆಯನ್ನು ಅವರು ಭೂಮಿಯ ಪ್ರಶ್ನೆ ಮಾಡಿದರು, ಪ್ರಭುತ್ವದ ಹೊಣೆ ಮಾಡಿದರು. ಪುರವಣಿಯ ಲೇಖಕನಿಗೂ ಬಾಬಾಸಾಹೇಬರಿಗೂ ಇರುವ ಅಂತರ ಇದು.

ಹಳ್ಳಿ ಶಾಲೆಯ ಮೇಷ್ಟ್ರುಗಳೇ, ಹಾಸ್ಟೆಲಿನ ಗೆಳೆಯರೇ, ಇನ್ನು ಮುಂದೆ ಇಂಥ ಪಟ್ಟಿ ಕಂಡಾಗ ಅದರ ಪಕ್ಕ ಮೂರನೇ ಕಾಲಂ ಎಳೆಯಿರಿ. ಮನೆ ಕೊಡದವರ ಸಂಖ್ಯೆ ಬರೆಯಿರಿ. ದಿನಾ ಬಸ್ಸಿಗೆ ಕೊಟ್ಟ ಕಾಸು ಬರೆಯಿರಿ. ಹೇಳಿದ ಸುಳ್ಳು ಹೆಸರು ಬರೆಯಿರಿ. ಹತ್ತು ಊರಿನ ಲೆಕ್ಕ ಒಂದೆಡೆ ಸೇರಿದರೆ ಅದು ದೂರು ಅನ್ನಿಸಿಕೊಳ್ಳುವುದಿಲ್ಲ, ದಾಖಲೆಯಾಗುತ್ತದೆ. ಭತ್ಯೆ ನಿಗದಿ ಮಾಡುವವರ ಮುಂದೆ, ಬಾಡಿಗೆ ಕಾನೂನು ಬರೆಯುವವರ ಮುಂದೆ ಇಡಲು ನಮಗೆ ಬೇಕಾದದ್ದು ಅದು.