ದವಡೆಗೆ ಹೆಗಲು ಕೊಡುವ ಮೂಳೆ

ಬಾಯಿ ಕ್ಯಾನ್ಸರಿಗಾಗಿ ದವಡೆ ತೆಗೆದಾಗ ಕಳೆದುಹೋಗುವುದು ಮೂಳೆಯೊಂದೇ ಅಲ್ಲ. ಎಷ್ಟೋ ಸಲ ಒಳಗಿನ ಲೋಳೆಪೊರೆ, ಹೊರಗಿನ ಕೆನ್ನೆಯ ಚರ್ಮ, ಇವೆರಡರ ನಡುವಿನ ಸ್ನಾಯು ಎಲ್ಲವೂ ಒಟ್ಟಿಗೆ ಹೋಗುತ್ತವೆ. ತಂಬಾಕು ಬೆರೆತ ಎಲೆಯಡಿಕೆಯನ್ನೋ ಗುಟ್ಕಾವನ್ನೋ ವರ್ಷಗಟ್ಟಲೆ ದವಡೆಯ ಸಂದಿಯಲ್ಲಿ ಒತ್ತರಿಸಿಕೊಂಡವರಿಗೆ ಹುಣ್ಣು ಏಳುವುದೇ ಕೆನ್ನೆಯೂ ಒಸಡೂ ಕೂಡುವ ಜಾಗದಲ್ಲಿ. ಹಾಗಾಗಿ ನಮ್ಮ ನಾಡಿನ ಆಸ್ಪತ್ರೆಗಳಿಗೆ ಇಂಥ ದೊಡ್ಡ ಗಾಯ ಹೊಸದಲ್ಲ. ಇದನ್ನು ತುಂಬಲು ಬೆನ್ನಿನ ಹೆಗಲೆಲುಬು, ವೈದ್ಯರು ಸ್ಕ್ಯಾಪುಲಾ ಎನ್ನುವ ಮೂಳೆ, ತುಂಬ ಚೆನ್ನಾಗಿ ಒದಗುತ್ತದೆ. ಆದರೂ ಬೇರೆ ದಾರಿ ಮುಚ್ಚಿದ ಮೇಲಷ್ಟೇ ಅದರತ್ತ ನೋಡುವ ರೂಢಿ ಬೆಳೆದುಬಂದಿದೆ. ಈ ರೂಢಿ ರೋಗಿಗೆ ಅನ್ಯಾಯ ಮಾಡುತ್ತಿದೆ ಎಂದೇ ನಾನು ಭಾವಿಸುತ್ತೇನೆ.

ಹೆಗಲ ಚರ್ಮವನ್ನು ರಕ್ತನಾಳದ ಸಮೇತ ಎತ್ತಿ ಬೇರೆಡೆ ಜೋಡಿಸುವ ವಿಧಾನವನ್ನು ಗಿಲ್ಬರ್ಟ್ ಮತ್ತು ಟಿಯೊ 1982ರಲ್ಲಿ ವಿವರಿಸಿದರು. ಮೂಳೆಯನ್ನೂ ಸೇರಿಸಿ ದವಡೆ ಕಟ್ಟಬಹುದೆಂದು ಸ್ವಾರ್ಟ್ಜ್ ಮತ್ತು ಸಂಗಡಿಗರು 1986ರಲ್ಲಿ ತೋರಿಸಿದರು. ಮೂರೇ ವರ್ಷಕ್ಕೆ, 1989ರಲ್ಲಿ, ಹಿಡಾಲ್ಗೊ ಕಾಲಿನ ಫಿಬುಲಾ ಮೂಳೆಯಿಂದ ಕೆಳದವಡೆ ರೂಪಿಸಿದರು. ಅಲ್ಲಿಂದ ಮುಂದೆ ಫಿಬುಲಾದ್ದೇ ದರ್ಬಾರು.

ಹೆಗಲಿನ ಹೆಚ್ಚುಗಾರಿಕೆ ಇರುವುದು ಅದರ ರಕ್ತನಾಳಗಳ ಕವಲಿನಲ್ಲಿ. ಕಂಕುಳಿನ ದೊಡ್ಡ ಅಪಧಮನಿಯಿಂದ ಹೊರಡುವ ಸಬ್‌ಸ್ಕ್ಯಾಪುಲರ್ ನಾಳ ಎರಡಾಗಿ ಒಡೆಯುತ್ತದೆ. ಒಂದು ಕವಲು ಮೂಳೆಯ ಹೊರ ಅಂಚಿಗೂ ಬೆನ್ನಿನ ಚರ್ಮಕ್ಕೂ ರಕ್ತ ಕೊಡುತ್ತದೆ. ಇನ್ನೊಂದು ಬೆನ್ನಿನ ಅಗಲವಾದ ಲ್ಯಾಟಿಸಿಮಸ್ ಸ್ನಾಯುವಿಗೆ ಹೋಗುತ್ತಾ, ದಾರಿಯಲ್ಲಿ ಮೂಳೆಯ ಕೆಳತುದಿಗೂ ಒಂದು ಸಣ್ಣ ಟಿಸಿಲು ಚಾಚುತ್ತದೆ. ಒಂದೇ ಬಳ್ಳಿಯಲ್ಲಿ ಬೇರೆ ಬೇರೆ ತೊಟ್ಟುಗಳಿಂದ ತೂಗುವ ಕಾಯಿಗಳಂತೆ ಮೂಳೆ, ಚರ್ಮ, ಸ್ನಾಯು ಮೂರೂ ತಮ್ಮ ತಮ್ಮ ಕವಲಿನಲ್ಲಿ ನಿಲ್ಲುತ್ತವೆ. ಮೂಳೆಯನ್ನು ದವಡೆಯ ಜಾಗಕ್ಕೂ, ಚರ್ಮದ ಒಂದು ತುಂಡನ್ನು ಬಾಯೊಳಕ್ಕೂ, ಇನ್ನೊಂದನ್ನು ಕೆನ್ನೆಯ ಹೊರಕ್ಕೂ ತಿರುಗಿಸಿ ಕೂರಿಸಿದರೂ ಕುತ್ತಿಗೆಯಲ್ಲಿ ಹೊಲಿಯಬೇಕಾದ್ದು ಒಂದು ಅಪಧಮನಿ, ಒಂದೆರಡು ಅಭಿಧಮನಿ ಮಾತ್ರ. ಫಿಬುಲಾದ ಚರ್ಮ ಮೂಳೆಗೆ ಅಂಟಿಕೊಂಡೇ ಬರುವುದರಿಂದ ಅದನ್ನು ಇಷ್ಟು ಸಲೀಸಾಗಿ ತಿರುಗಿಸಲಾಗದು. ಮೇಲ್ದವಡೆಯ ವಿಷಯಕ್ಕೆ ಬಂದರಂತೂ ಹೆಗಲೆಲುಬಿನ ಕೆಳತುದಿಗೆ ಸಾಟಿಯಿಲ್ಲ. ತೆಳ್ಳಗೆ, ತುಸು ಬಾಗಿರುವ ಆ ತುಂಡನ್ನು ಅಡ್ಡ ಇಟ್ಟರೆ ಅಂಗುಳದ ಆಕಾರವೇ ಬರುತ್ತದೆ. ಅದರ ಮೇಲಿನ ಸ್ನಾಯುವನ್ನು ಬಾಯಿಯ ಕಡೆ ಹಾಗೇ ಬಿಟ್ಟರೆ ಕೆಲವು ವಾರಗಳಲ್ಲಿ ಲೋಳೆಪೊರೆ ತಾನಾಗಿ ಹಬ್ಬಿಕೊಳ್ಳುತ್ತದೆ.

ಹಾಗಿದ್ದರೆ ಹಿಂಜರಿಕೆ ಯಾಕೆ? ಮುಖ್ಯ ಕಾರಣ ರೋಗಿಯನ್ನು ಮಲಗಿಸುವ ಭಂಗಿ. ಕಾಲಿನಿಂದ ಮೂಳೆ ತೆಗೆಯುವಾಗ ಒಂದು ತಂಡ ಬಾಯಲ್ಲಿ, ಇನ್ನೊಂದು ಕಾಲಲ್ಲಿ ಏಕಕಾಲಕ್ಕೆ ಕೆಲಸ ಮಾಡುತ್ತದೆ. ಹೆಗಲಿಗಾದರೆ ರೋಗಿಯನ್ನು ಪಕ್ಕಕ್ಕೆ ಹೊರಳಿಸಬೇಕು, ಮತ್ತೆ ಮಲಗಿಸಬೇಕು, ಎರಡು ಸಲ ಬಟ್ಟೆ ಹೊದಿಸಬೇಕು; ಅರಿವಳಿಕೆಯ ಹೊತ್ತು ಬೆಳೆಯುತ್ತದೆ. ಇದು ಸುಳ್ಳು ನೆಪವಲ್ಲ. ಆದರೆ ಕೆಳತುದಿಯನ್ನಷ್ಟೇ ತೆಗೆಯುವಾಗ ಬೆನ್ನಿಗೆ ದಿಂಬು ಕೊಟ್ಟು, ತೋಳನ್ನು ಎತ್ತಿಹಿಡಿದು, ರೋಗಿ ಅಂಗಾತ ಮಲಗಿರುವಂತೆಯೇ ಕೆಲಸ ಮುಗಿಸುವ ಶಸ್ತ್ರವೈದ್ಯರಿದ್ದಾರೆ. ಕೆಲವು ಗಂಟೆಗಳ ಅನನುಕೂಲಕ್ಕಾಗಿ ಒಬ್ಬರ ಉಳಿದ ಬದುಕಿನ ನಡಿಗೆಯನ್ನು ಪಣಕ್ಕಿಡುವುದು ನನಗೆ ಒಪ್ಪಿಗೆಯಿಲ್ಲ.

ನಡಿಗೆಯ ಮಾತು ಸುಮ್ಮನೆ ಬಂದದ್ದಲ್ಲ. ಬಾಯಿ ಕ್ಯಾನ್ಸರಿನ ಎಷ್ಟೋ ರೋಗಿಗಳು ಬೀಡಿ ಸೇದಿದವರು, ಸಕ್ಕರೆ ಕಾಯಿಲೆಯವರು, ವಯಸ್ಸಾದವರು. ಇಂಥವರ ಕಾಲಿನ ರಕ್ತನಾಳಗಳು ಎಷ್ಟೋ ಸಲ ಕೊಬ್ಬು ಜಡ್ಡುಗಟ್ಟಿ ಮೊದಲೇ ಕಿರಿದಾಗಿರುತ್ತವೆ. ಕೆಲವರಿಗೆ ಪಾದಕ್ಕೆ ಮುಖ್ಯವಾಗಿ ರಕ್ತ ಒದಗಿಸುವುದೇ ಫಿಬುಲಾದ ಜೊತೆಗಿನ ಅಪಧಮನಿ. ಅದನ್ನು ತೆಗೆದರೆ ಪಾದಕ್ಕೇ ಕುತ್ತು. ಹೆಗಲಿನ ನಾಳಗಳಿಗೆ ಇಂಥ ಕೊಬ್ಬಿನ ಜಡ್ಡು ತಗಲುವುದು ತೀರ ಕಡಿಮೆ, ಆಪರೇಷನ್ ಆದವರು ಬೇಗ ಎದ್ದು ಓಡಾಡುತ್ತಾರೆ.

ಹಾಗೆಂದು ಹೆಗಲೆಲುಬನ್ನು ಎಲ್ಲದಕ್ಕೂ ಮದ್ದು ಎನ್ನಲಾರೆ. ಅದರ ಹೊರ ಅಂಚಿನಿಂದ ಸಿಗುವುದು ಹೆಚ್ಚೆಂದರೆ 10ರಿಂದ 14 ಸೆಂಟಿಮೀಟರ್. ಫಿಬುಲಾ ಸುಮಾರು 25 ಸೆಂಟಿಮೀಟರ್ ಕೊಡುತ್ತದೆ. ಕಿವಿಯಿಂದ ಕಿವಿಯವರೆಗಿನ ದವಡೆ ಕಟ್ಟಬೇಕಾದಾಗ, ಗಟ್ಟಿ ಕಾಲುಗಳ ಎಳೆಯ ರೋಗಿಗೆ ಮುಂದೆ ಹಲ್ಲಿನ ಇಂಪ್ಲಾಂಟ್ ಕೂರಿಸಬೇಕೆಂದಾಗ, ಫಿಬುಲಾವೇ ಸರಿ. ಹೆಗಲೆಲುಬು, ಅದರಲ್ಲೂ ಹೆಂಗಸರಲ್ಲಿ, ಇಂಪ್ಲಾಂಟಿನ ತಿರುಪು ಹಿಡಿಯುವಷ್ಟು ದಪ್ಪ ಇರದಿರಬಹುದು.

ಹೆಗಲೂ ಬೆಲೆ ತೆರುತ್ತದೆ. ಮೂಳೆಯಿಂದ ಬಿಡಿಸಿದ ಸ್ನಾಯುಗಳನ್ನು ಮತ್ತೆ ಮೂಳೆಗೆ ಬಿಗಿದರೂ ತೋಳು ಎತ್ತುವ ಶಕ್ತಿ ಕೆಲಕಾಲ ತಗ್ಗುತ್ತದೆ. ಕುತ್ತಿಗೆಯ ಗಂಟುಗಳನ್ನು ತೆಗೆಯುವಾಗ ಹೆಗಲಿಗೆ ಹೋಗುವ ಆಕ್ಸೆಸರಿ ನರಕ್ಕೆ ಏಟಾಗಿದ್ದರೆ ಕಷ್ಟ ಇಮ್ಮಡಿ. ಅಡಿಕೆ ಮರ ಹತ್ತುವವರಿಗೆ, ಮೂಟೆ ಹೊರುವವರಿಗೆ, ತಲೆಯ ಮೇಲೆ ಕೊಡ ಎತ್ತಿಡುವವರಿಗೆ ಇದು ಸಣ್ಣ ನಷ್ಟವಲ್ಲ. ರೋಗಿ ಏನು ಕೆಲಸ ಮಾಡುತ್ತಾರೆ, ಯಾವ ಕೈ ಬಲ ಎಂಬುದನ್ನು ಸಿ.ಟಿ. ಸ್ಕ್ಯಾನಿನಷ್ಟೇ ಎಚ್ಚರದಿಂದ ಮೊದಲೇ ಕೇಳಬೇಕು. ತೋಳಿನ ಶಕ್ತಿ ಮರಳಿಸುವ ವ್ಯಾಯಾಮಕ್ಕೂ ದಾರಿಯಿದೆ. ಆಪರೇಷನ್ನಿನ ನಂತರ ರೇಡಿಯೇಷನ್ ಬೇಕಾದವರಿಗೆ ಅದನ್ನು ಆರು ವಾರದೊಳಗೆ ಶುರು ಮಾಡುವುದು ವಾಡಿಕೆ; ಆಗ ಅವರು ವಾರಕ್ಕೆ ಐದು ದಿನ ಆಸ್ಪತ್ರೆಗೆ ಬರುತ್ತಲೇ ಇರುತ್ತಾರೆ. ಅದೇ ಭೇಟಿಯಲ್ಲಿ ಅರ್ಧ ಗಂಟೆ ಹೆಗಲಿನ ಫಿಸಿಯೋಥೆರಪಿ ಮಾಡಿಸಲು ಬೇರೆ ಯಂತ್ರವೂ ಬೇಡ, ಬೇರೆ ಬಸ್ ಚಾರ್ಜೂ ಬೇಡ. ಚೀಟಿಯಲ್ಲಿ ಬರೆದುಕೊಟ್ಟರೆ ಸಾಕು.