ಕಾಗೋಡಿನ ಕೊಳಗ, ಬೊಮ್ಮನಹಳ್ಳಿಯ ನಿಮಿಷ

2016ರ ಏಪ್ರಿಲ್ 18ರಂದು ಬೆಂಗಳೂರಿನ ಬೊಮ್ಮನಹಳ್ಳಿಯ ಗಾರ್ಮೆಂಟ್ಸ್ ಹೆಂಗಸರು ಮೆಷಿನ್ ಬಿಟ್ಟು ಹೊಸೂರು ರಸ್ತೆಗೆ ಇಳಿದಾಗ ಅವರ ಮುಂದೆ ಯಾವ ಪಕ್ಷದ ಬಾವುಟವೂ ಇರಲಿಲ್ಲ. ಪಿಎಫ್‌ನಲ್ಲಿ ಮಾಲೀಕರ ಪಾಲನ್ನು 58 ವರ್ಷ ತುಂಬುವ ತನಕ ತೆಗೆಯುವಂತಿಲ್ಲ ಎಂಬ ಕೇಂದ್ರದ ಹೊಸ ನಿಯಮ ಅವರನ್ನು ಕೆರಳಿಸಿತ್ತು. ಮರುದಿನ ಸಿಟ್ಟು ಪೀಣ್ಯ, ಜಾಲಹಳ್ಳಿ, ಹೆಬ್ಬಗೋಡಿಗೂ ಹಬ್ಬಿತು. ಬಸ್ಸುಗಳು ಉರಿದವು, ಪೊಲೀಸರು ಲಾಠಿ ಬೀಸಿದರು, ಅಶ್ರುವಾಯು ಸಿಡಿಸಿದರು. ಅಂದೇ ಕೇಂದ್ರ ಸರ್ಕಾರ ನಿಯಮವನ್ನು ಹಿಂತೆಗೆದುಕೊಂಡಿತು. ಸಮಾಜವಾದವನ್ನು ಇಷ್ಟೊಂದು ಓದಿ, ಬರೆದು, ಭಾಷಣ ಮಾಡಿದ ನಾಡಿನಲ್ಲಿ ಇಷ್ಟು ದೊಡ್ಡ ಗೆಲುವು ಸಮಾಜವಾದಿಗಳ ಹಂಗಿಲ್ಲದೆ ಬಂತು. ಸಿದ್ಧಾಂತದ ಕಾಲ ಮುಗಿಯಿತು ಎನ್ನುವುದಕ್ಕೆ ಇದನ್ನೇ ಸಾಕ್ಷಿ ಮಾಡಬಹುದು. ಆದರೆ ನಾವು ಆ ಸಿದ್ಧಾಂತದಲ್ಲಿ ಬಳಸಿದ್ದು ಅರ್ಧ, ಬೊಮ್ಮನಹಳ್ಳಿಗೆ ಬೇಕಿದ್ದದ್ದು ಉಳಿದರ್ಧ ಎಂಬುದು ನನ್ನ ವಾದ.

ಕರ್ನಾಟಕದ ಸಮಾಜವಾದ ಹುಟ್ಟಿದ್ದು ಒಂದು ಅಳತೆಯ ಜಗಳದಲ್ಲಿ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನ ದೀವರ ಗೇಣಿದಾರರು, ಒಡೆಯರು ಗೇಣಿ ಭತ್ತ ಅಳೆಯುತ್ತಿದ್ದ ದೊಡ್ಡ ಕೊಳಗದ ವಿರುದ್ಧ ತಿರುಗಿಬಿದ್ದರು. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು, ಶಾಂತವೇರಿ ಗೋಪಾಲಗೌಡರು ನಾಯಕರಾಗಿ ಬೆಳೆದರು, ಉಳುವವನೇ ಹೊಲದೊಡೆಯ ಎಂಬ ಮಾತು ಮುಖ್ಯಮಂತ್ರಿ ದೇವರಾಜ ಅರಸರ 1974ರ ಭೂಸುಧಾರಣಾ ಕಾಯ್ದೆಯವರೆಗೂ ನಡೆದುಬಂತು. ಅನಂತಮೂರ್ತಿ, ಲಂಕೇಶ್, ತೇಜಸ್ವಿಯಂಥ ಲೇಖಕರಿಗೂ ಇದೇ ಗಾಳಿ ತಾಗಿತು. ನಮ್ಮ ಸಮಾಜವಾದ ಸಾಹಿತ್ಯಕ್ಕೆ ಮಾಡಿದಷ್ಟು ಉಪಕಾರವನ್ನು ಕಾರ್ಖಾನೆಗೆ ಮಾಡಲಿಲ್ಲ ಎಂದರೆ ಯಾರೂ ಬೇಸರಪಟ್ಟುಕೊಳ್ಳಬೇಕಿಲ್ಲ. ಲೋಹಿಯಾರಿಂದ ನಾವು ಜಾತಿ, ಭಾಷೆ, ಭೂಮಿಯ ವಿಚಾರಗಳನ್ನು ಎತ್ತಿಕೊಂಡೆವು. ಅವರು 1943ರಲ್ಲಿ ಬರೆದ ‘ಎಕನಾಮಿಕ್ಸ್ ಆಫ್ಟರ್ ಮಾರ್ಕ್ಸ್’ ಕಪಾಟಿನಲ್ಲೇ ಉಳಿಯಿತು. ಸಾಮ್ರಾಜ್ಯಶಾಹಿ ಬಂಡವಾಳಶಾಹಿಯ ಕೊನೆಯ ಹಂತವಲ್ಲ, ಎರಡೂ ಒಟ್ಟೊಟ್ಟಿಗೆ ಬೆಳೆದವು; ಯುರೋಪಿನ ಲಾಭದ ಮೂಲವನ್ನು ಅಲ್ಲಿನ ಕಾರ್ಖಾನೆಯೊಳಗಷ್ಟೇ ಹುಡುಕಿದರೆ ಸಿಗುವುದಿಲ್ಲ ಎಂಬುದು ಆ ಬರಹದ ತಿರುಳು. ರಫ್ತು ಅಂಗಿಯ ಲೆಕ್ಕ ಬಿಡಿಸಲು ಬೇಕಾದದ್ದು ಇದೇ.

ಆ ಲೆಕ್ಕ ನಿಮಿಷದಲ್ಲಿದೆ. ಕಾಲರ್ ಕೂಡಿಸಲು ಇಷ್ಟು, ತೋಳು ಕೂಡಿಸಲು ಇಷ್ಟು ಎಂದು ಪ್ರತಿ ಕೆಲಸಕ್ಕೂ ನಿಮಿಷ ಕಟ್ಟಿ, ಅದರಿಂದ ಗಂಟೆಯ ಟಾರ್ಗೆಟ್ ಇಳಿಸುತ್ತಾರೆ. ಪೀಸ್ ಕಡಿಮೆ ಬಿದ್ದರೆ ಸೂಪರ್‌ವೈಸರ್ ಬಾಯಿಗೆ ಬಂದಂತೆ ಬೈಯುತ್ತಾನೆ. ಅವನ ಮೇಲೆ ಮ್ಯಾನೇಜರ್, ಮ್ಯಾನೇಜರ್ ಮೇಲೆ ಹಡಗಿಗೆ ಸರಕು ಸೇರಬೇಕಾದ ತಾರೀಖು. ಅಂಗಿಯ ಬೆಲೆ ಮಾತ್ರ ಖರೀದಿಸುವ ಬ್ರ್ಯಾಂಡಿನ ಟೇಬಲ್ಲಿನಲ್ಲೇ ತೀರ್ಮಾನವಾಗಿರುತ್ತದೆ. ಕಾಗೋಡಿನಲ್ಲಿ ಕೊಳಗ ಹಿಡಿದವನು ಎದುರಿಗೇ ಇದ್ದ. ಇಲ್ಲಿ ಗೇಟಿನಲ್ಲಿ ಸಿಗುವ ಮಾಲೀಕನಿಗೇ ಅಳತೆಯ ಮೇಲೆ ಪೂರ್ತಿ ಹಿಡಿತವಿಲ್ಲ. ಕಾಯಂ ನೌಕರ, ಗುರುತಿನ ಮಾಲೀಕ, ಗೇಟ್ ಮೀಟಿಂಗ್ ಎಂಬ ಹಳೆಯ ಯೂನಿಯನ್ ಪಾಠ 1980–81ರ ಬೆಂಗಳೂರಿನ ಸಾರ್ವಜನಿಕ ಉದ್ಯಮಗಳ ಮುಷ್ಕರಕ್ಕೆ ಹೊಂದಿತು. ಗಾರ್ಮೆಂಟ್ಸಿಗೆ ಹೊಂದಲಿಲ್ಲ.

ಹಾಗಿದ್ದರೆ ಪಿಎಫ್ ಜಗಳವೇಕೆ, ವೃದ್ಧಾಪ್ಯಕ್ಕೆ ಉಳಿತಾಯವೇ ಕ್ಷೇಮವಲ್ಲವೇ ಎಂದು ಆಗ ತಿಳಿದವರೇ ಕೇಳಿದ್ದರು. 58ರವರೆಗೆ ಆ ಮೆಷಿನ್ ಮುಂದೆ ಕೂರುವವರು ಎಷ್ಟು ಜನ? ಸಂಬಳದಲ್ಲಿ ತಿಂಗಳು ದೂಡುವುದೇ ಕಷ್ಟವಾದಾಗ ಮಗಳ ಮದುವೆ, ಸ್ಕೂಲ್ ಫೀಸು, ಕೈಸಾಲಕ್ಕೆ ಸಿಗುವ ಇಡುಗಂಟು ಪಿಎಫ್ ಒಂದೇ. ಕೆಲಸ ಬಿಟ್ಟು ಅದನ್ನು ತೆಗೆದುಕೊಂಡು ಇನ್ನೊಂದು ಕಾರ್ಖಾನೆ ಸೇರುವವರು, ಐದು ವರ್ಷ ತುಂಬದೆ ಗ್ರಾಚ್ಯುಟಿಯನ್ನೂ ಕಳೆದುಕೊಳ್ಳುತ್ತಾರೆ. ಬ್ರ್ಯಾಂಡು ಕೈಗೆ ಸಿಗುವುದಿಲ್ಲ, ಮಾಲೀಕ ಬ್ರ್ಯಾಂಡಿನತ್ತ ಬೆರಳು ತೋರಿಸುತ್ತಾನೆ. ಕೈಗೆಟುಕುವಂತೆ ಉಳಿದದ್ದು ಸರ್ಕಾರ. ಹೆಂಗಸರು ಅದನ್ನೇ ಹಿಡಿದು ಜಗ್ಗಿದರು.

ಸಮಾಜವಾದಕ್ಕೆ ಎದುರಾಗಿ ಹೇಳುವ ಒಂದು ಮಾತನ್ನು ಒಪ್ಪಲೇಬೇಕು. ಭೂಸುಧಾರಣೆಯ ಪಹಣಿಗಳಲ್ಲಿ ಹೆಚ್ಚಾಗಿ ಬಂದದ್ದು ಗಂಡಸರ ಹೆಸರು. ಮಂಡ್ಯ, ತುಮಕೂರಿನ ಹೆಂಗಸಿಗೆ ಸ್ವಂತ ಸಂಬಳ ಕೊಟ್ಟದ್ದು ರಫ್ತು ಕಾರ್ಖಾನೆ. ಸಂಬಳ ಏರಿಸಿದರೆ ಕಾರ್ಖಾನೆಗಳು ಬಾಂಗ್ಲಾದೇಶಕ್ಕೆ ಹೋಗುತ್ತವೆ ಎಂಬ ಬೆದರಿಕೆಯಾದರೋ ಅರ್ಧ ಸತ್ಯ. 2013ರಲ್ಲಿ ಗಾರ್ಮೆಂಟ್ಸ್ ಕಾರ್ಖಾನೆಗಳಿದ್ದ ರಾಣಾ ಪ್ಲಾಜಾ ಕಟ್ಟಡ ಕುಸಿದು 1,134 ಜನ ಸತ್ತ ಮೇಲೆ ಅದೇ ಬಾಂಗ್ಲಾದೇಶದಲ್ಲಿ ಇನ್ನೂರಕ್ಕೂ ಹೆಚ್ಚು ಬ್ರ್ಯಾಂಡುಗಳು ಕಾನೂನಿನ ಬಲವುಳ್ಳ ಸುರಕ್ಷತಾ ಒಪ್ಪಂದಕ್ಕೆ ಸಹಿ ಹಾಕಿದವು. ಖರೀದಿದಾರರಿಗೆ ಹೊಣೆ ಹೊರಿಸಿದ್ದಕ್ಕೆ ಆ ದೇಶದ ರಫ್ತು ಕುಸಿಯಲಿಲ್ಲ.

ನಮ್ಮಲ್ಲೂ ಸಣ್ಣ ಪುರಾವೆಯಿದೆ. 2020ರಲ್ಲಿ ತಿಂಗಳಿಗೆ 417 ರೂಪಾಯಿಯ ತುಟ್ಟಿಭತ್ಯೆಯನ್ನು ಅನೇಕ ಕಾರ್ಖಾನೆಗಳು ಹೈಕೋರ್ಟ್ ಹೇಳಿದ ಮೇಲೂ ಕೊಡಲಿಲ್ಲ. ಇಲ್ಲಿನ ಯೂನಿಯನ್ ಮತ್ತು ಹೊರದೇಶದ ಕಾರ್ಮಿಕ ಹಕ್ಕು ಸಂಸ್ಥೆ ಬ್ರ್ಯಾಂಡುಗಳನ್ನು ಪೀಡಿಸಿದ ಮೇಲೆ, 2022ರ ಆರಂಭದಲ್ಲಿ ಬಾಕಿ ಕೈಸೇರತೊಡಗಿತು. ಇದು ಮರ್ಜಿಯ ಮೇಲೆ ಬಂದ ಹಣ, ಕಾನೂನಿನಿಂದ ಬಂದದ್ದಲ್ಲ. ಆದರೆ 2025ರ ಗಿಗ್ ಕಾರ್ಮಿಕರ ಕಾಯ್ದೆಯಲ್ಲಿ ಕರ್ನಾಟಕ, ತಾವು ಮಾಲೀಕರೇ ಅಲ್ಲ ಎನ್ನುವ ಆ್ಯಪ್ ಕಂಪನಿಗಳಿಂದಲೂ ಪ್ರತಿ ವಹಿವಾಟಿನಲ್ಲಿ ಕಾರ್ಮಿಕರಿಗೆ ಕೊಡುವ ಹಣದ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕ ಪಡೆಯಲು ದಾರಿ ಮಾಡಿದೆ. ಅಂಗಿಗೂ ಅದೇ ನ್ಯಾಯ ಯಾಕಾಗಬಾರದು? ವಿದೇಶಿ ಕಂಪನಿ ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಎನ್ನುವವರಿಗೆ ಇಷ್ಟು ಹೇಳಬಹುದು: ಹಲವು ಬ್ರ್ಯಾಂಡುಗಳ ಖರೀದಿ ಕಚೇರಿಗಳು ಬೆಂಗಳೂರಿನಲ್ಲೇ ಇವೆ.